ತೆಳಿ ಬಾಗಿಸುವ ಹೊತ್ತು

ಕುಚ್ಚಲಕ್ಕಿ ಉಣ್ಣುವ ನಮ್ಮ ಕಡೆಯ ಮನೆಗಳಲ್ಲಿ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಂದು ಗಂಡಾಂತರದ ಹೊತ್ತು ಬರುತ್ತದೆ, ಸೋದರಿಯರೇ. ಅನ್ನ ಬೆಂದಿದೆ, ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ ತೆಳಿ ಬಾಗಿಸಬೇಕು, ಅದೇ ಗಳಿಗೆಗೆ ಮಗು ಬಂದು ಸೆರಗು ಜಗ್ಗುತ್ತದೆ.

ನನ್ನ ಮಗನಿಗೆ ಆಗ ಎರಡೂವರೆ ವರ್ಷ. ಬಾಗಿಸಿದ ತೆಳಿಯನ್ನು ನೆಲದ ಮೇಲೇ ಬಿಟ್ಟು ಒಗ್ಗರಣೆಗೆಂದು ತಿರುಗಿದೆ, ಅಷ್ಟೆ. ಮಣಿಗಂಟು ದಾಟುವವರೆಗೆ ಕೈ ಅದ್ದಿಬಿಟ್ಟ. ಅತ್ತೆ "ಪೇಸ್ಟ್ ಹಚ್ಚು" ಎಂದರು, ಪಕ್ಕದ ಮನೆಯವರು "ತುಪ್ಪ ಹಚ್ಚಿ" ಎಂದರು. ನಾನು ಎರಡನ್ನೂ ಹಚ್ಚಿದೆ! ಅತ್ತಾವರದಲ್ಲಿ ಆಸ್ಪತ್ರೆಗೇನೂ ಬರವಿಲ್ಲ, ಬೇಗನೇ ಹೋಗಿ ಮುಟ್ಟಿದೆವು. ಡಾಕ್ಟರು ಕೈ ನೋಡಿ, "ಇದೆಂತಮ್ಮಾ ಬಳಿದದ್ದು?" ಎಂದರು. ಅದನ್ನೆಲ್ಲ ತೊಳೆದು ತೆಗೆಯುವಾಗ ಮಗು ಕಿರುಚಿದ್ದು, ಸುಟ್ಟಾಗ ಕಿರುಚಿದ್ದಕ್ಕಿಂತ ಹೆಚ್ಚು.

ಬೇಕಾಗಿದ್ದದ್ದು ಬರೇ ತಣ್ಣೀರು. ಒಲೆ ಆರಿಸಿದ ಮೇಲೂ ಪಾತ್ರೆಯೊಳಗೆ ಅನ್ನ ಬೇಯುತ್ತಲೇ ಇರುವುದಿಲ್ಲವೇ? ಚರ್ಮವೂ ಹಾಗೆಯೇ. ತೆಳಿಯಂತೂ ಅಂಟಿಕೊಂಡು ಬಿಸಿಯನ್ನು ಹಿಡಿದಿಡುತ್ತದೆ. ಆದ್ದರಿಂದ ಸುಟ್ಟ ಜಾಗವನ್ನು ನಲ್ಲಿಯ ಕೆಳಗೆ ಪೂರಾ 20 ನಿಮಿಷ ಹಿಡಿಯಿರಿ. ಬಾವಿ ನೀರಾದರೆ ಚೆಂಬಿನಿಂದ ಒಂದೇ ಸಮನೆ ಹೊಯ್ಯಿರಿ. ಮಗು ಅತ್ತಿತೆಂದು ಎರಡು ನಿಮಿಷಕ್ಕೆ ನಿಲ್ಲಿಸಬೇಡಿ. ಮಂಜುಗಡ್ಡೆ ಬೇಡ. ಬಾತುಕೊಳ್ಳುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬೇಡಿ, ಬೊಬ್ಬೆ ಒಡೆಯಬೇಡಿ. ಮಗುವಿನ ಉಳಿದ ಮೈಗೆ ಶಾಲು ಹೊದಿಸಿ, ಚಳಿ ಹಿಡಿಯಬಾರದು. ಆಮೇಲೆ ಒಗೆದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಡಾಕ್ಟರಲ್ಲಿಗೆ. ಸುಟ್ಟದ್ದು ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಗುಪ್ತಾಂಗ, ಕೀಲುಗಳ ಮೇಲಾಗಿದ್ದರೆ ತಡ ಮಾಡಲೇಬಾರದು. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ನಮ್ಮ ಊರಿನವರಿಗೆ ಹಂಪನಕಟ್ಟೆಯ ವೆನ್ಲಾಕ್ ಸರಕಾರಿ ಆಸ್ಪತ್ರೆ 1848ರಿಂದಲೂ ಇದೆ, ದುಡ್ಡಿಲ್ಲವೆಂದು ಮನೆಮದ್ದು ಮಾಡುತ್ತ ಕೂರಬೇಕಾಗಿಲ್ಲ.

ಮಕ್ಕಳು ದೊಡ್ಡವರಾದರೆ ಒಲೆಯ ಭಯ ಹೋಗಿ ಬೇರೆ ಭಯ ಬರುತ್ತದೆ. ಫುಟ್ಬಾಲ್ ಆಡಿ ಕಾಲು ಉಳುಕಿಸಿಕೊಂಡು ಬಂದರೆ ನಾವು ಎಣ್ಣೆ ಹಾಕಿ ತಿಕ್ಕಲು ಹೊರಡುತ್ತೇವೆ. ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ. ಶಾಶ್ವತ ಹಲ್ಲು ಬುಡಸಮೇತ ಕಿತ್ತು ಬಂದರೆ ಬಿಸಾಡಬೇಡಿ. ಬೇರು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಹೋದರೆ ಮತ್ತೆ ಕೂರಿಸಿ ಉಳಿಸುವ ಆಸೆಯುಂಟು.

ಸ್ಕೂಟರಿನ ವಿಷಯ ಇನ್ನೂ ಕಷ್ಟ. ನನ್ನ ಅದೇ ಮಗನಿಗೆ ಈಗ ಹದಿನೈದು. "ಅಮ್ಮಾ, ಕಂಕನಾಡಿ ಮಾರ್ಕೆಟಿಗೆ ಮಾತ್ರ, ಈಗ ಬಂದೆ" ಎನ್ನುತ್ತಾನೆ. ಸಾಮಾನು ಬರುತ್ತದಲ್ಲ ಎಂದು ನಮಗೂ ಆಸೆಯಾಗುವುದು ಸುಳ್ಳಲ್ಲ. 2019ರ ತಿದ್ದುಪಡಿಯಂತೆ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಹೆತ್ತವರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ದಂಡ ಹೇಗಾದರೂ ಕಟ್ಟಬಹುದು, ತಲೆ ಒಡೆದರೆ ಏನು ಕಟ್ಟುತ್ತೀರಿ? ನಾನಂತೂ ಕೀಲಿಕೈಯನ್ನು ಕುಚ್ಚಲಕ್ಕಿ ಡಬ್ಬದೊಳಗೆ ಇಟ್ಟಿದ್ದೇನೆ. ಅವನು ಈ ಪುಟ ಓದುವವನಲ್ಲ, ಹಾಗಾಗಿ ಧೈರ್ಯದಿಂದ ಬರೆದೆ.