ಮಾಲೀಕರ ಗೈರುಹಾಜರಿಗೆ ಕೆಲಸಗಾರ ದಂಡ ತೆರಬೇಕೆ?

ಕರೆದ ದಿನ ಕೋರ್ಟಿಗೆ ಬಾರದವನಿಗಾಗಿ ಕೋರ್ಟು ಎಷ್ಟು ದಿನ ಕಾದೀತು? ಬಂದವನ ಮಾತು ಕೇಳಿ ತೀರ್ಪು ಬರೆಯುತ್ತದೆ. ಇದನ್ನೇ ಎಕ್ಸ್‌ಪಾರ್ಟಿ ಅವಾರ್ಡು ಎನ್ನುತ್ತಾರೆ. ಅದನ್ನು ರದ್ದುಮಾಡಿ ಕೇಸನ್ನು ಮತ್ತೆ ನಡೆಸುವ ಅಧಿಕಾರವೂ ಅದೇ ಕೋರ್ಟಿಗುಂಟು. ಆ ಅಧಿಕಾರ ಹೇಗೆ ನಡೆಯಬೇಕೆಂಬುದನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕೆಲಸಗಾರ ಬಂಧುಗಳೂ ಸಣ್ಣ ವ್ಯಾಪಾರಿಗಳೂ ಯೋಚಿಸಬೇಕಾಗಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೂಲು ಬಿಚ್ಚಾಣಿಕೆಯ ಹೆಣ್ಣುಮಗಳೊಬ್ಬಳನ್ನು ಕೆಲಸದಿಂದ ತೆಗೆದರೆನ್ನಿ. ಆಕೆ ತಗಾದೆ ಹೂಡುತ್ತಾಳೆ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಛಾರ್ಜು ತೆತ್ತು ಬೆಂಗಳೂರಿಗೆ ಹೋಗುತ್ತಾಳೆ. ಮಾಲೀಕರ ಕಡೆಯಿಂದ ಯಾರೂ ಇಲ್ಲ. ಕೊನೆಗೆ ಕೆಲಸವನ್ನೂ ಹಿಂಬಾಕಿಯನ್ನೂ ಕೊಡಿಸಿ ಅವಾರ್ಡಾಗುತ್ತದೆ. ಅದನ್ನು ವಸೂಲಿಗೆ ಹಾಕಿದ ಮೇಲೆ ಮಾಲೀಕರಿಗೆ ಎಚ್ಚರವಾಗುತ್ತದೆ. ನೋಟೀಸು ತಲುಪಲಿಲ್ಲ, ಗುಮಾಸ್ತ ಹೇಳಲಿಲ್ಲ, ವಕೀಲರು ತಾರೀಖು ಮರೆತರು! ಅವಾರ್ಡು ರದ್ದಾಗುತ್ತದೆ, ಆಕೆ ಮತ್ತೆ ಬಸ್ ಸ್ಟ್ಯಾಂಡಿನಲ್ಲಿ.

ಹಾಗಾದರೆ ಈ ಬಾಗಿಲನ್ನೇ ಮುಚ್ಚಿಬಿಡೋಣವೆ? ಬೇಡ. ಕಲ್ಕತ್ತೆಯ ಗ್ರಿಂಡ್ಲೇಸ್ ಬ್ಯಾಂಕಿನ ಕೇಸನ್ನು ನೆನೆಯಿರಿ. 1976ರ ಡಿಸೆಂಬರಿನಲ್ಲಿ ನೌಕರರ ಸಂಘದ ಕಾರ್ಯದರ್ಶಿ ತಂದೆಯ ಶ್ರಾದ್ಧಕ್ಕೆ ಹೋಗಬೇಕಾಯಿತು. ಟ್ರಿಬ್ಯೂನಲ್ ವಾಯಿದೆ ಕೊಡದೆ ಬ್ಯಾಂಕಿನ ಪರ ಅವಾರ್ಡು ಬರೆಯಿತು. ಸಂಘ ಅರ್ಜಿ ಹಾಕಿತು; ಟ್ರಿಬ್ಯೂನಲ್ ತನ್ನ ಅವಾರ್ಡನ್ನು ತಾನೇ ರದ್ದುಮಾಡಿತು. ಬ್ಯಾಂಕು ಸುಪ್ರೀಂ ಕೋರ್ಟಿನವರೆಗೆ ಹೋಗಿ 1980ರಲ್ಲಿ ಸೋತಿತು. ಅಂದು ಈ ಬಾಗಿಲು ತೆರೆದದ್ದು ನೌಕರರಿಗೆ.

ಅವಾರ್ಡು ಪ್ರಕಟವಾಗಿ 30 ದಿನ ಕಳೆದು ಜಾರಿಗೆ ಬಂದ ಮೇಲೆ ರದ್ದುಮಾಡಲಾಗದೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2018ರಲ್ಲಿ ಹರಿಯಾಣ ಸೂರಜ್ ಮಾಲ್ಟಿಂಗ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು, ತಕ್ಕ ಕಾರಣವಿದ್ದರೆ ಆಮೇಲೂ ಆದೀತೆಂದರು. ಬಾಗಿಲು ಅಗಲವಾಯಿತು. ನಮ್ಮ ತಕರಾರು ಅದಕ್ಕಲ್ಲ. ಅದರಲ್ಲಿ ಬಿಟ್ಟಿಯಾಗಿ ನುಗ್ಗುವವರ ಮೇಲೆ.

ಕೆಲಸ ವಾಪಸು ಕೊಡಿಸಿದ ಅವಾರ್ಡಿನ ಮೇಲೆ ಮಾಲೀಕರು ಹೈಕೋರ್ಟಿಗೆ ಹೋದರೆ, ಬೇರೆಡೆ ದುಡಿಮೆಯಿಲ್ಲದ ಕೆಲಸಗಾರನಿಗೆ ಕೇಸು ಮುಗಿಯುವವರೆಗೆ ಕೊನೆಯ ಸಂಬಳ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯಿದೆಗೆ 17-ಬಿ ಕಲಮು ಸೇರಿ 1984ರಲ್ಲಿ ಜಾರಿಗೆ ಬಂತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆದರೆ ಕೆಳಗಿನ ಕೋರ್ಟೇ ಅವಾರ್ಡು ರದ್ದುಮಾಡಿದರೆ? ಅವಾರ್ಡೇ ಇಲ್ಲ, ಸಂಬಳ ಎಲ್ಲಿಂದ ಬರಬೇಕು? ಹಾಜರಾಗಿ, ವಾದಿಸಿ, ಸೋತು ಮೇಲಕ್ಕೆ ಹೋದ ಮಾಲೀಕ ತಿಂಗಳ ಸಂಬಳ ಕೊಡಬೇಕು. ಮನೆಯಲ್ಲೇ ಕುಳಿತವನಿಗೆ ಆ ಹೊರೆಯೂ ಇಲ್ಲ! ಇದು ಗೈರುಹಾಜರಿಗೆ ಕೊಟ್ಟ ಇನಾಮಲ್ಲದೆ ಮತ್ತೇನು?

ಸಾಲದ ದಾವೆಗಳಲ್ಲಿ ಏನಾಗುತ್ತದೆಂದು ವ್ಯಾಪಾರಿ ಮಿತ್ರರು ಬಲ್ಲರು. ಎಕ್ಸ್‌ಪಾರ್ಟಿ ಡಿಕ್ರಿಯನ್ನು ರದ್ದುಮಾಡುವಾಗ ಖರ್ಚು ಕೊಡು, ಕೋರ್ಟಿನಲ್ಲಿ ಹಣ ಕಟ್ಟು ಎಂದು ಷರತ್ತು ಹಾಕುವ ಅಧಿಕಾರ ಸಿವಿಲ್ ಸಂಹಿತೆಯ 9ನೇ ಆದೇಶ, 13ನೇ ನಿಯಮದಲ್ಲಿದೆ. ಸಾಲದ ಹಣಕ್ಕಿರುವ ಈ ಕಾಳಜಿ ಕೂಲಿಯ ಹಣಕ್ಕೆ ಏಕಿರಬಾರದು?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಗೈರುಹಾಜರಿಯ ಕಾರಣಕ್ಕೆ ಪುರಾವೆ ಇರಲಿ. ಮಾಲೀಕರು ಹಿಂಬಾಕಿಯ ಒಂದು ಪಾಲನ್ನು ಮೊದಲು ಕೋರ್ಟಿನಲ್ಲಿ ಕಟ್ಟಲಿ. ಕೆಲಸಗಾರ ಕಳೆದುಕೊಂಡ ದಿನಗಳ ಕೂಲಿ, ಬಸ್ ಖರ್ಚು ಕೊಡಲಿ. ಮರುವಿಚಾರಣೆ ಮುಗಿಯುವವರೆಗೆ ಕೊನೆಯ ಸಂಬಳ ಬರಲಿ. ಮುಗಿಸಲು ಗಡುವಿರಲಿ.

ಒಬ್ಬಿಬ್ಬರು ಆಳುಗಳನ್ನಿಟ್ಟು ಅಂಗಡಿ ನಡೆಸುವವರಿಗೂ ಒಂದು ಮಾತು. ನೋಟೀಸನ್ನು ಗಲ್ಲಾಪೆಟ್ಟಿಗೆಯ ಕೆಳಗೆ ತಳ್ಳಬೇಡಿ. ಓದಿಸಿಕೊಳ್ಳಿ, ತಾರೀಖಿಗೆ ಹೋಗಿ. ನಿಜವಾಗಿ ನೋಟೀಸು ತಲುಪದವನ ಜೊತೆ ನಾವೂ ನಿಲ್ಲುತ್ತೇವೆ. ಕೆಲಸಗಾರ ಬಂಧುಗಳೇ, ಕಾಯಿಲೆಯಾದರೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ, ಅಂದೇ ಸಂಘಕ್ಕೆ ತಿಳಿಸಿ. ಅವಾರ್ಡು ತಪ್ಪಿತೆಂದು ಗೊತ್ತಾದರೆ 30 ದಿನದೊಳಗೆ ಅರ್ಜಿ ಹಾಕಿ.

ನ್ಯಾಯದ ಬಾಗಿಲು ತಡವಾಗಿ ಬಂದವನಿಗೂ ತೆರೆಯಲಿ. ಆದರೆ ಅಷ್ಟು ದಿನವೂ ಬಾಗಿಲಲ್ಲಿ ಕಾದವಳ ಕೂಲಿಯನ್ನು ಅವನು ಮೊದಲು ಎಣಿಸಿಟ್ಟು ಒಳಗೆ ಬರಲಿ.