ಮೀನಿನ ತೊಟ್ಟಿಯ ಹೆಪ್ಪು

ಅಕ್ವೇರಿಯಂ ಇಟ್ಟಿರುವ ಯಾರನ್ನಾದರೂ ಮೀನು ಯಾವಾಗ ಸತ್ತಿತು ಎಂದು ಕೇಳಿ ನೋಡಿ. "ಮೊನ್ನೆ ತಾನೇ ಪೂರ್ತಿ ಕ್ಲೀನ್ ಮಾಡಿಸಿದ್ವಿ, ಆದ್ರೂ ಎರಡೇ ದಿನಕ್ಕೆ ಹೋಯ್ತು" ಎಂಬ ಉತ್ತರ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಮಾತಿನಲ್ಲಿರುವ "ಆದ್ರೂ" ಬಗ್ಗೆ ನನ್ನ ತಕರಾರು. ಅಲ್ಲಿ "ಅದಕ್ಕೇ" ಎಂದಿರಬೇಕಿತ್ತು.

ಪೂರ್ತಿ ಕ್ಲೀನ್ ಎಂದರೇನು ಎಂಬುದು ನಿಮಗೆ ಗೊತ್ತೇ ಇದೆ. ತಿಂಗಳಿಗೊಮ್ಮೆ ಅಂಗಡಿಯ ಹುಡುಗ ಬರುತ್ತಾನೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ ತೊಟ್ಟಿಯ ನೀರನ್ನೆಲ್ಲ ಬಸಿಯುತ್ತಾನೆ. ತಳದ ಕಲ್ಲುಗಳನ್ನು ಬಾತ್‌ರೂಮಿನ ನಲ್ಲಿಯ ಕೆಳಗೆ ತೊಳೆದು, ಫಿಲ್ಟರಿನ ಸ್ಪಂಜನ್ನು ಕಂದು ನೀರು ಬರುವುದು ನಿಲ್ಲುವ ತನಕ ಹಿಂಡುತ್ತಾನೆ. ಗಾಜು ಉಜ್ಜಿ, ನಲ್ಲಿ ನೀರು ತುಂಬಿ, ನಾಲ್ಕು ಹನಿ ನೀಲಿ ಔಷಧಿ ಹಾಕಿ ಹೋಗುತ್ತಾನೆ. ತೊಟ್ಟಿ ಲಕಲಕ ಹೊಳೆಯುತ್ತದೆ. ಮನೆಯವರಿಗೂ ತೃಪ್ತಿ.

ಆ ಕಂದು ನೀರಿನ ಜೊತೆ ಚರಂಡಿಗೆ ಹೋದದ್ದು ಏನೆಂದು ಹೇಳಲು ನನಗೆ ಸಿಗುವ ಒಳ್ಳೆಯ ಪದ ಹೆಪ್ಪು. ಮೀನು ತನ್ನ ಕಿವಿರಿನಿಂದ ಅಮೋನಿಯಾ ಹೊರಹಾಕುತ್ತದೆ. ಅದರ ಹಿಕ್ಕೆ, ತಿನ್ನದೆ ಉಳಿದ ಕಾಳು ಎಲ್ಲ ಕೊಳೆತು ಮತ್ತಷ್ಟು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಸ್ಪಂಜಿನ ಸಂದುಗಳಲ್ಲಿ, ಕಲ್ಲಿನ ಮೈಮೇಲೆ ಲೋಳೆಯಂತೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಆಗಿಸುತ್ತದೆ. ನೈಟ್ರೇಟನ್ನು ಮೀನು ಸಾಕಷ್ಟು ಮಟ್ಟಿಗೆ ತಾಳಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಎರಡು ಗುಂಪುಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅವು ನೀರಿನಲ್ಲಿ ತೇಲಿಕೊಂಡಿರುವುದು ತೀರ ಕಡಿಮೆ, ಇರುವುದೆಲ್ಲ ಮೇಲ್ಮೈಗಳಲ್ಲಿ. ಹೀಗಿರುವಾಗ ಕ್ಲೋರಿನ್ ಇರುವ ನೀರಲ್ಲಿ ಸ್ಪಂಜನ್ನೂ ಕಲ್ಲನ್ನೂ ಒಂದೇ ದಿನ ತೊಳೆಯುವುದೆಂದರೆ, ಹೆಪ್ಪಿಗೆ ಒಂದು ಚಮಚವನ್ನೂ ಉಳಿಸದೆ ಮೊಸರಿನ ಪಾತ್ರೆ ತಿಕ್ಕಿ, ಮರುದಿನ ಹಾಲು ಹೆಪ್ಪಾಗಲಿಲ್ಲವೆಂದು ಬೇಸರಪಟ್ಟಂತೆ.

ಎರಡು ಮೂರು ದಿನಕ್ಕೆ ನೀರು ಗಂಜಿ ತಿಳಿಯಂತೆ ಬೆಳ್ಳಗಾಗುತ್ತದೆ. ಸಮತೋಲ ತಪ್ಪಿದ ನೀರಿನಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದ್ದರ ಗುರುತು ಅದು. ಬಿಟ್ಟರೆ ತಾನಾಗಿ ತಿಳಿಯಾಗುತ್ತದೆ. ಆದರೆ ಬಿಡುವವರು ಯಾರು? ಹುಡುಗನನ್ನು ಮತ್ತೆ ಕರೆಸುತ್ತಾರೆ, ಮತ್ತೆ ಪೂರ್ತಿ ಕ್ಲೀನ್. ಇತ್ತ ಅಮೋನಿಯಾಕ್ಕೆ ಬಣ್ಣವೇ ಇಲ್ಲ. ಕನ್ನಡಿಯಂತೆ ತಿಳಿಯಾದ ನೀರಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿರಬಹುದು. ಅದೇ ಹುಣಸೆ ಚೊಗರಿನ ಬಣ್ಣದ ನೀರಿನಲ್ಲಿ ಹಾಯಾಗಿರಲೂಬಹುದು. ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನಿನ ತವರು ದಕ್ಷಿಣ ಅಮೆರಿಕದ ರಿಯೋ ನೀಗ್ರೊ, ಅಲ್ಲಿನ ನೀರೇ ಕಪ್ಪು ಚಹಾ. ಕಣ್ಣಿಗೆ ಒಪ್ಪಿದ್ದು ಮೀನಿಗೂ ಒಪ್ಪಬೇಕೆಂದೇನಿಲ್ಲ.

ಇಷ್ಟು ಕೇಳಿದವರಲ್ಲಿ ಕೆಲವರು ತಿರುಗಿ, ಹಾಗಾದರೆ ನೀರು ಮುಟ್ಟುವುದೇ ಬೇಡ ಎನ್ನುತ್ತಾರೆ. ಅದೂ ಸರಿಯಲ್ಲ. ವರ್ಷಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಆಮ್ಲೀಯತೆ ಏರಿ ಪಿಎಚ್ ಇಳಿಯುತ್ತದೆ. ಪಿಎಚ್ ಕಡಿಮೆ ಇರುವಲ್ಲಿ ಅಮೋನಿಯಾ ಬಹುಪಾಲು ನಿರಪಾಯವಾದ ಅಮೋನಿಯಂ ರೂಪದಲ್ಲಿರುತ್ತದೆ. 25 ಡಿಗ್ರಿ ಶಾಖದಲ್ಲಿ, ಪಿಎಚ್ 7 ಇದ್ದರೆ ವಿಷದ ರೂಪದಲ್ಲಿರುವುದು ಸುಮಾರು ನೂರರಲ್ಲಿ ಅರ್ಧ ಪಾಲು, 8 ಆದರೆ ಐದು ಪಾಲಿಗಿಂತ ಹೆಚ್ಚು. ಒಂದು ಅಂಕಿಯ ಏರಿಕೆಗೆ ಹತ್ತು ಪಟ್ಟು. ಅಂಥ ತೊಟ್ಟಿಗೆ ಒಂದು ದಿನ ಶುಚಿಯ ಹುಮ್ಮಸ್ಸಿನಲ್ಲಿ ಟ್ಯಾಂಕರಿನ ಗಡುಸಾದ ಬೋರ್‌ವೆಲ್ ನೀರನ್ನು ಮುಕ್ಕಾಲು ಭಾಗ ಸುರಿದರೆ ಏನಾಗುತ್ತದೆ? ಅದುವರೆಗೆ ಸುಮ್ಮನಿದ್ದ ಅಮೋನಿಯಾ ಕೆಲವೇ ನಿಮಿಷಗಳಲ್ಲಿ ವಿಷವಾಗಿ ಎದ್ದು ನಿಲ್ಲುತ್ತದೆ. ವರ್ಷವಿಡೀ ಚೆನ್ನಾಗಿದ್ದ ಮೀನು ಕ್ಲೀನ್ ಮಾಡಿದ ದಿನವೇ ಸಾಯುವುದರ ಗುಟ್ಟು ಇಲ್ಲಿದೆ.

ನಾವಿರುವ ಊರಿನ ನೀರಿಗೂ ಇದರಲ್ಲಿ ಪಾಲಿದೆ. ಮುಂಬೈಯವರಿಗೆ ತಾನ್ಸಾ, ಭಾತ್ಸಾದಂಥ ಜಲಾಶಯಗಳ ಮೆದು ನೀರು ಬರುತ್ತದೆ. ಚೆನ್ನೈನಲ್ಲಿ ಕೆರೆಯ ನೀರು, ಮಿಂಜೂರು ಮತ್ತು ನೆಮ್ಮೇಲಿಯಲ್ಲಿ ಉಪ್ಪು ತೆಗೆದ ಸಮುದ್ರದ ನೀರು, ಟ್ಯಾಂಕರಿನದು ಹೀಗೆ ವಾರಕ್ಕೊಂದು ರುಚಿ. ದೆಹಲಿಯದು ಇನ್ನೂ ವಿಚಿತ್ರ. ಚಳಿಗಾಲದಲ್ಲಿ ಯಮುನೆಯಲ್ಲೇ ಅಮೋನಿಯಾ ಏರಿ ವಜೀರಾಬಾದ್, ಚಂದ್ರಾವಲ್ ಶುದ್ಧೀಕರಣ ಘಟಕಗಳು ಕೆಲಸ ತಗ್ಗಿಸುವ ಸುದ್ದಿಯನ್ನು ಅಲ್ಲಿನವರು ಮತ್ತೆ ಮತ್ತೆ ಓದುತ್ತಾರೆ. ಕ್ಲೋರಿನ್ ಅಮೋನಿಯಾದೊಡನೆ ಸೇರಿದರೆ ಕ್ಲೋರಮೈನ್ ಆಗುತ್ತದೆ. ರಾತ್ರಿಯಿಡೀ ಬಕೆಟ್ಟಿನಲ್ಲಿ ನೀರು ಹಿಡಿದಿಟ್ಟರೆ ಬರಿಯ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಿಂದಿನ ಫೋಟೋ ಸ್ಟುಡಿಯೋಗಳ ಹೈಪೋ. ಅದು ಕ್ಲೋರಮೈನನ್ನು ಒಡೆಯುತ್ತದೆ, ಆದರೆ ಅಮೋನಿಯಾವನ್ನು ಅಲ್ಲೇ ಉಳಿಸುತ್ತದೆ. ಅದನ್ನು ತಿನ್ನಲು ಮತ್ತೆ ಹೆಪ್ಪೇ ಬೇಕು.

ಹಾಗಾದರೆ ಮಾಡುವುದೇನು? ಬೇಸರ ತರಿಸುವಷ್ಟು ಸರಳ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಪೈಪಿನಿಂದ, ತಳದ ಕಸ ಎಳೆದುಕೊಳ್ಳುವಂತೆ ತೆಗೆಯಿರಿ. ಅಷ್ಟೇ ನೀರನ್ನು, ಕ್ಲೋರಿನ್ ಹೋಗಲಾಡಿಸಿ, ಹೆಚ್ಚುಕಡಿಮೆ ಅದೇ ಶಾಖದ್ದು, ನಿಧಾನಕ್ಕೆ ಹಾಕಿರಿ. ತೆಗೆದ ಹಳೆಯ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿ ವಾಪಸ್ಸಿಡಿ, ಅದು ಕಂದಾಗಿಯೇ ಇರಲಿ. ಮುಂದಿನ ಗಾಜಿನ ಪಾಚಿ ಉಜ್ಜಿ, ಹಿಂದಿನದನ್ನು ಬಿಡಿ. ನೀಲಿ ಔಷಧಿ ರೋಗಕ್ಕೆ, ಶೋಭೆಗಲ್ಲ. ರಾತ್ರಿ ಕರೆಂಟು ಉಳಿಸಲೆಂದು ಫಿಲ್ಟರ್ ಆರಿಸುವ ಅಭ್ಯಾಸವನ್ನಂತೂ ಇವತ್ತೇ ಬಿಡಿ. ಐದು ವ್ಯಾಟಿನ ಫಿಲ್ಟರ್ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗುವುದಿಲ್ಲ, ನಿಲ್ಲಿಸಿದರೆ ಆಮ್ಲಜನಕವಿಲ್ಲದೆ ಒದ್ದಾಡುವುದು ಆ ಬ್ಯಾಕ್ಟೀರಿಯಾ. ಹೊಸ ತೊಟ್ಟಿ ಇಡುವವರಿದ್ದರೆ, ಮೀನು ಆರೋಗ್ಯವಾಗಿರುವ ಗೆಳೆಯರ ಮನೆಯಿಂದ ಒಂದು ತುಂಡು ಹಳೆಯ ಸ್ಪಂಜು ಬೇಡಿ ತನ್ನಿ. ಪಕ್ಕದ ಮನೆಯಿಂದ ಹೆಪ್ಪು ತರುವುದಕ್ಕೆ ನಮ್ಮಲ್ಲಿ ಯಾರೂ ನಾಚಿಕೊಂಡವರಿಲ್ಲವಲ್ಲ.

ಕ್ಲೀನ್ ಮಾಡುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸ್ಪಂಜು ಕಂದಾಗಿಯೇ ಬಿಟ್ಟು ಹೋದರೆ ಬೈಸಿಕೊಳ್ಳುವವನು ಅವನೇ. ದುಡ್ಡು ಕೊಡುವವರು ಹೊಳಪಿಗೆ ಕೊಡುತ್ತಾರೆ, ಅವನು ಹೊಳಪು ಕೊಟ್ಟು ಹೋಗುತ್ತಾನೆ. ನನಗೆ ಸಿಟ್ಟು ಬರುವುದು ಸತ್ತ ಮೀನಿಗೆ ನಾವು ಕೊಡುವ ಸಮಜಾಯಿಷಿಯ ಮೇಲೆ. "ಮನೆಗೆ ಬರಬೇಕಿದ್ದ ಕಂಟಕ ಅದು ತಗೊಂಡು ಹೋಯ್ತು ಬಿಡಿ." ವಾಸ್ತು ಹೇಳುವವರಿಂದ ಅಂಗಡಿಯವರ ತನಕ ಎಲ್ಲರ ಬಾಯಲ್ಲೂ ಈ ಮಾತಿದೆ. ಎಂಥ ಅನುಕೂಲದ ನಂಬಿಕೆ! ಅಮೋನಿಯಾದಲ್ಲಿ ಕಿವಿರು ಸುಟ್ಟು ಸತ್ತ ಜೀವಕ್ಕೆ ತ್ಯಾಗದ ಪಟ್ಟ ಕಟ್ಟಿ, ಸಂಜೆಯೊಳಗೆ ಇನ್ನೊಂದು ತಂದು ಬಿಡಬಹುದು. ನೋಡುತ್ತಿರುವ ಮಗುವಿಗೆ ಮೀನೆಂದರೆ ಬಲ್ಬಿನಂತೆ, ಹೋದರೆ ಹೊಸದು ಹಾಕುವುದು ಎಂದು ಅರ್ಥವಾಗುತ್ತದೆ. ಗೋಲ್ಡ್‌ಫಿಶ್ ಎರಡು ತಿಂಗಳು ಬಾಳುವ ಜೀವವೆಂದು ಅನೇಕರು ನಿಜವಾಗಿಯೂ ನಂಬಿದ್ದಾರೆ. ಚೆನ್ನಾಗಿ ನೋಡಿಕೊಂಡರೆ ಅದು ಹತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ, ಕೆಲವು ತಳಿಗಳು ಗೇಣುದ್ದಕ್ಕೂ ಮೀರಿ ಬೆಳೆಯುತ್ತವೆ. ಅದನ್ನು ಫಿಲ್ಟರಿಲ್ಲದ ದುಂಡನೆಯ ಗಾಜಿನ ಬಟ್ಟಲಿನಲ್ಲಿಟ್ಟು ಮಾರುವುದೇ ನಿಲ್ಲಬೇಕು ಎನ್ನುವವನು ನಾನು. ಹುಟ್ಟುಹಬ್ಬಕ್ಕೆ ಕೊಡುವ ಉಡುಗೊರೆಯಾಗಿಯಂತೂ ಬೇಡವೇ ಬೇಡ.

ಇನ್ನೊಂದು ಮಾತು, ರಜೆಗೆ ಊರಿಗೆ ಹೊರಡುವವರಿಗಾಗಿ. ಹತ್ತು ದಿನ ಇರುವುದಿಲ್ಲವೆಂದು ಹೊರಡುವ ಹಿಂದಿನ ರಾತ್ರಿ ತೊಟ್ಟಿ ತಿಕ್ಕಿ ತೊಳೆದು, ಒಂದು ಹಿಡಿ ಕಾಳು ಸುರಿದು ರೈಲು ಹತ್ತಬೇಡಿ. ನಾಲ್ಕೈದು ದಿನ ಮೊದಲೇ ಕಾಲು ಭಾಗ ನೀರು ಬದಲಿಸಿ, ಫಿಲ್ಟರ್ ಓಡುತ್ತಿರಲಿ. ಬೆಳೆದ, ಆರೋಗ್ಯವಾದ ಮೀನು ವಾರ ಉಪವಾಸ ಇದ್ದರೂ ಏನಾಗುವುದಿಲ್ಲ. ಪಕ್ಕದ ಮನೆಯವರಿಗೆ ಕೀಲಿ ಕೊಡುವಾಗ ಕಾಳಿನ ಡಬ್ಬಿಯನ್ನು ಮಾತ್ರ ಕೊಡಬೇಡಿ. ಎರಡು ದಿನಕ್ಕೊಮ್ಮೆಯ ಚಿಟಿಕೆಯನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದಿಡಿ.