ಕಾರು ತೊಳೆದ ನೀರು ಎಲ್ಲಿಗೆ?

ಪಶ್ಚಿಮಘಟ್ಟದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಐಹೊಳೆಯನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಐಹೊಳೆಯ ಗುಡಿಗಳನ್ನು ನೋಡಬಂದವರ ಕಾರಿಗೆ ಧೂಳು ಮೆತ್ತುವುದು ಸಹಜ. ಅದನ್ನು ಹೊಳೆಗಿಳಿಸಿ ತೊಳೆಯುವುದು ಮಾತ್ರ ಸಲ್ಲದು.

ಇಂದು ಅಂಗಡಿಗಳಲ್ಲಿ ಶಾಂಪೂ, ಪಾಲಿಶ್, ಚಕ್ರ ತೊಳೆಯುವ ದ್ರಾವಣಗಳು ಸಾಲುಗಟ್ಟಿವೆ. ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಕಾರಿಗೆ ಬೇಕೇ? ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ಬಟ್ಟೆ ಸೋಪಿನ ಪುಡಿ ಅಗ್ಗವಾದರೂ ಬಣ್ಣವನ್ನು ಕಾಯುವ ಮೇಣದ ಪದರವನ್ನು ಕಳೆಯುತ್ತದೆ. ಅದರಲ್ಲಿ ಫಾಸ್ಫೇಟ್ ಇದ್ದರೆ ಹೊಳೆಯಲ್ಲಿ ಪಾಚಿ ಹಬ್ಬುತ್ತದೆ. ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ಆಮ್ಲಯುಕ್ತ ದ್ರಾವಣ ನಿತ್ಯದ ಧೂಳಿಗೆ ಅನಗತ್ಯ. ‘ಮಣ್ಣಿನಲ್ಲಿ ಕರಗುತ್ತದೆ’ ಎಂಬ ಚೀಟಿಯೂ ಹೊಳೆಗೆ ಸುರಿಯಲು ಪರವಾನಗಿಯಲ್ಲ. ಕರಗಲು ಕಾಲ ಬೇಕು.

ಆಮ್ಲವೂ ಕ್ಷಾರವೂ ಅಲ್ಲದ, ಫಾಸ್ಫೇಟ್‌ರಹಿತ ಶಾಂಪೂ ಸ್ವಲ್ಪ, ಮೃದುವಾದ ಬಟ್ಟೆ, ಎರಡು ಬಕೆಟ್ ನೀರು—ಬಹುತೇಕ ಕಾರುಗಳಿಗೆ ಇಷ್ಟು ಸಾಕು. ಹೊಳೆ, ಬಾವಿಗಳಿಂದ ದೂರ, ನೀರು ಇಂಗುವ ಮಣ್ಣಿನ ನೆಲದಲ್ಲಿ ತೊಳೆಯುವುದು ಲೇಸು.

2024ರ ಮಾರ್ಚ್‌ನಲ್ಲಿ ನೀರಿನ ಕೊರತೆಗೆ ಸಿಲುಕಿದ ಬೆಂಗಳೂರಿನಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಮಲಪ್ರಭೆಯ ದಡದಲ್ಲಿ ಆ ದಿನ ಬರುವವರೆಗೆ ಕಾಯಬೇಕಾಗಿಲ್ಲ. ಹೊಳೆಯ ನೀರನ್ನೇ ನಂಬಿದ ಊರುಗಳು ಕೆಳಗೆ ಇನ್ನೂ ಇವೆ.